ಮರಳು ಮುಚ್ಚಿದ ರಾಜಧಾನಿ, ಉಳಿದ ದಾನ

ಕೊಡಚಾದ್ರಿಯ ತಪ್ಪಲಿನ ಕೊಲ್ಲೂರಿನಲ್ಲಿ, ಮಳೆಗಾಲದ ಸೌಪರ್ಣಿಕೆಯ ದಂಡೆಯಲ್ಲಿ ನಿಂತವರಿಗೆ ಮರಳುಗಾಡಿನ ಕಲ್ಪನೆ ಸುಲಭವಾಗಿ ಬಾರದು. ಇಲ್ಲಿ ಹಳೆಯದನ್ನು ಮುಚ್ಚುವುದು ಮಳೆ ಮತ್ತು ಹಸಿರು. ಆಳುಪರ ರಾಜಧಾನಿಯಾಗಿದ್ದ ಬಾರಕೂರಿನಲ್ಲಿ ಕತ್ತಲೆ ಬಸದಿಯ ಅವಶೇಷಗಳನ್ನು ಕಂಡವರು ಇದನ್ನು ಬಲ್ಲರು. ಕನ್ನಡ ನಾಡಿನ ದಕ್ಷಿಣದ ಅಂಚಿನಲ್ಲಿ, ಕಾವೇರಿಯ ತೀರದಲ್ಲಿ, ಅದೇ ಕಾರ್ಯವನ್ನು ಮರಳು ಮಾಡಿದೆ. ಆ ನಗರವೇ ಗಂಗರ ರಾಜಧಾನಿ ತಲಕಾಡು.

ಗಂಗರಾಜ್ಯದ ಹುಟ್ಟನ್ನು ಜೈನ ಪರಂಪರೆಯು ಸಿಂಹನಂದಿ ಆಚಾರ್ಯರೊಂದಿಗೆ ಜೋಡಿಸುತ್ತದೆ. ಆಶ್ರಯವನ್ನು ಅರಸಿ ಬಂದ ದಡಿಗ ಮತ್ತು ಮಾಧವರೆಂಬ ಸೋದರರಿಗೆ ಆಚಾರ್ಯರು ರಾಜ್ಯವನ್ನು ದೊರಕಿಸಿಕೊಟ್ಟರೆಂದು ಹನ್ನೆರಡನೆಯ ಶತಮಾನದ ಕಲ್ಲೂರುಗುಡ್ಡದ ಶಾಸನ ತಿಳಿಸುತ್ತದೆ. ಆದರೆ ರಾಜ್ಯದೊಡನೆ ಅವರು ಒಂದು ಎಚ್ಚರಿಕೆಯನ್ನೂ ಕೊಟ್ಟರು. ಕೊಟ್ಟ ಮಾತಿಗೆ ತಪ್ಪಿದರೆ, ಪರಸ್ತ್ರೀಯರನ್ನು ಬಯಸಿದರೆ, ಮಧುಮಾಂಸಗಳನ್ನು ಸೇವಿಸಿದರೆ, ಬೇಡಿ ಬಂದವರಿಗೆ ಕೊಡದಿದ್ದರೆ, ರಣದಲ್ಲಿ ಬೆನ್ನು ತೋರಿದರೆ ನಿಮ್ಮ ಕುಲ ಅಳಿಯುವುದು ಎಂಬುದು ಅದರ ತಾತ್ಪರ್ಯ. ರಾಜ್ಯದ ಬುನಾದಿ ಕೋಟೆಯ ಕಲ್ಲಿನಲ್ಲಿಲ್ಲ, ಆಳುವವರ ಆಚರಣೆಯಲ್ಲಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಕೋಲಾರದಿಂದ ತಲಕಾಡಿಗೆ ಬಂದ ಗಂಗರು ಹಲವು ಶತಮಾನಗಳ ಕಾಲ ಅಲ್ಲಿಂದ ಆಳಿದರು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ನಗರವು ಚೋಳರ ವಶವಾಗಿ ರಾಜರಾಜಪುರವೆಂಬ ಹೆಸರನ್ನು ಪಡೆಯಿತು. ಸುಮಾರು ಒಂದು ಶತಮಾನದ ಬಳಿಕ, 1116-17ರ ವೇಳೆಗೆ, ಹೊಯ್ಸಳ ವಿಷ್ಣುವರ್ಧನನು ಅದನ್ನು ಗೆದ್ದು ‘ತಲಕಾಡುಗೊಂಡ’ ಎಂಬ ಬಿರುದನ್ನು ಧರಿಸಿದನು. ಕೀರ್ತಿನಾರಾಯಣ ದೇಗುಲವನ್ನು ಕಟ್ಟಿಸಿದನು. ಆ ವಿಜಯವನ್ನು ತಂದುಕೊಟ್ಟವನು ದಂಡನಾಯಕ ಗಂಗರಾಜ. ಅವನು ಶುಭಚಂದ್ರ ಸಿದ್ಧಾಂತದೇವರ ಶಿಷ್ಯನಾದ ಜೈನ ಶ್ರಾವಕ.

ಆಮೇಲೆ ಮರಳು ಬಂದಿತು. ಕಾವೇರಿಯ ತಿರುವಿನಲ್ಲಿ ಬೇಸಗೆಯಲ್ಲಿ ತೆರೆದುಕೊಳ್ಳುವ ಮರಳನ್ನು ಗಾಳಿ ಹೊತ್ತು ತಂದು ಊರಿನ ಮೇಲೆ ಸುರಿಯಿತು. ಮೇಲ್ಭಾಗದಲ್ಲಿ ಮಾಧವಮಂತ್ರಿ ಕಟ್ಟೆಯಾದ ಮೇಲೆ ನೀರಿನ ಹರಿವು ತಗ್ಗಿ ಮರಳು ಹೆಚ್ಚಿತೆಂದು ವಿದ್ವಾಂಸರು ಊಹಿಸುತ್ತಾರೆ. ಪಾತಾಳೇಶ್ವರ, ಮರಳೇಶ್ವರ ದೇಗುಲಗಳಿಗೆ ಇಂದಿಗೂ ದಿಬ್ಬಗಳ ನಡುವೆ ಕೆಳಕ್ಕಿಳಿದು ಹೋಗಬೇಕು. ಜನಪದವಾದರೋ, 1610ರಲ್ಲಿ ಶ್ರೀರಂಗಪಟ್ಟಣವು ಒಡೆಯರ ವಶವಾದ ಕಾಲದ ಅಲಮೇಲಮ್ಮನ ಶಾಪವನ್ನು ನೆನೆಯುತ್ತದೆ. ನೊಂದ ಹೆಣ್ಣಿನ ಸಂಕಟವನ್ನು ಮರೆಯದ ಆ ಕಥೆಗೆ ತನ್ನದೇ ಗೌರವವಿದೆ. ಜೈನ ದರ್ಶನವಾದರೋ ಮನುಷ್ಯನ ಸುಖದುಃಖಗಳ ಕಾರಣವನ್ನು ಮತ್ತೊಬ್ಬರ ಮಾತಿನಲ್ಲಿ ಅರಸದೆ ಅವನವನ ಕರ್ಮದಲ್ಲಿ ಕಾಣುತ್ತದೆ. ಕಟ್ಟಿದ್ದೆಲ್ಲ ಬೀಳುವುದನ್ನು ಪುದ್ಗಲದ ಸ್ವಭಾವವೆಂದು ತಿಳಿಯುತ್ತದೆ.

ಆದ್ದರಿಂದಲೇ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ. ದೇಹ, ಸಂಪತ್ತು, ಅಧಿಕಾರ, ಬಂಧುಬಳಗ ಯಾವುದೂ ನಿಲ್ಲುವುದಿಲ್ಲವೆಂದು ಮತ್ತೆ ಮತ್ತೆ ಚಿಂತಿಸಬೇಕು. ಕೇಳಿದವರಿಗೆ ಇದು ನಿರಾಶೆಯ ಮಾತೆನಿಸಬಹುದು. ಎಲ್ಲವೂ ಅಳಿಯುವುದಾದರೆ ದುಡಿಯುವುದೇಕೆ, ಕಟ್ಟುವುದೇಕೆ? ಈ ಪ್ರಶ್ನೆಗೆ ಗಂಗರಾಜನ ನಡೆಯಲ್ಲಿ ಉತ್ತರವಿದೆ.

ವಿಜಯದಿಂದ ಸಂತುಷ್ಟನಾದ ಅರಸನು ಬೇಕಾದುದನ್ನು ಕೇಳೆಂದಾಗ, ಗಂಗರಾಜನು ಗೋವಿಂದವಾಡಿಯನ್ನು ಬೇಡಿ ಪಡೆದು ಗೊಮ್ಮಟದೇವನ ಪೂಜೆಗೆ ಬಿಟ್ಟನೆಂದು ಶ್ರವಣಬೆಳಗೊಳದ ಶಾಸನಗಳು ಹೇಳುತ್ತವೆ. ಮತ್ತೊಮ್ಮೆ ಪರಮ ಗ್ರಾಮವನ್ನು ಪಡೆದು, ತಾಯಿ ಪೋಚಲದೇವಿಯೂ ಮಡದಿ ಲಕ್ಷ್ಮಿಯೂ ಮಾಡಿಸಿದ ಬಸದಿಗಳಿಗೆ ಕೊಟ್ಟನು. ಗಂಗವಾಡಿಯ ಹಾಳಾದ ಬಸದಿಗಳನ್ನು ಜೀರ್ಣೋದ್ಧಾರಗೊಳಿಸಿದನು. ಅವನು ಮುನಿಯಲ್ಲ, ಯುದ್ಧ ಮಾಡಿದ ಗೃಹಸ್ಥ. ಅವನ ಕೈಗೆ ಹಿಂಸೆ ಅಂಟಿರಲಿಲ್ಲವೆಂದು ಹೇಳಲಾಗದು. ಆದರೂ ಗೆದ್ದುದನ್ನು ತನ್ನದೆಂದು ಬಿಗಿಹಿಡಿಯಲಿಲ್ಲ. ತನಗೂ ಪರರಿಗೂ ಹಿತವಾಗುವಂತೆ ತನ್ನದನ್ನು ಬಿಟ್ಟುಕೊಡುವುದೇ ದಾನವೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಕೊಡುವವನಿಗೆ ಆಗುವ ಹಿತವೆಂದರೆ ಲೋಭದ ಸಡಿಲಿಕೆ. ಅನಿತ್ಯವನ್ನು ಅರಿತವನ ಕೈ ಸೋಲುವುದಿಲ್ಲ, ತೆರೆದುಕೊಳ್ಳುತ್ತದೆ.

ವಿಂಧ್ಯಗಿರಿಯಲ್ಲಿ ಬಾಹುಬಲಿಯ ಪಾದದ ಬಳಿ ಇಬ್ಬರ ಹೆಸರುಗಳಿವೆ. ಒಬ್ಬನು ಗಂಗರ ಮಂತ್ರಿ ಚಾವುಂಡರಾಯ, ಮೂರ್ತಿಯನ್ನು ಮಾಡಿಸಿದವನು. ಇನ್ನೊಬ್ಬನು ಗಂಗರಾಜ, ಸುತ್ತಾಲಯವನ್ನು ಮಾಡಿಸಿದವನು. ಒಬ್ಬನು ಸೇವಿಸಿದ ರಾಜಕುಲವೂ ಮತ್ತೊಬ್ಬನು ಗೆದ್ದ ನಗರವೂ ಇಂದಿಲ್ಲ. ಅವರು ಒಪ್ಪಿಸಿದ್ದು ಮಾತ್ರ ಸಾವಿರ ವರ್ಷಗಳ ಬಿಸಿಲುಮಳೆಗಳಲ್ಲಿ ನಿಂತಿದೆ. ಅದೂ ಶಾಶ್ವತವಲ್ಲ, ಕಲ್ಲಿಗೂ ಕೊನೆಯುಂಟು. ಆದರೆ ಅದನ್ನು ಕಂಡು ಇಂದು ಒಬ್ಬನ ಮನಸ್ಸಿನಲ್ಲಿ ಒಂದು ಗಳಿಗೆ ಕಷಾಯ ತಗ್ಗಿದರೆ, ಆ ದಾನ ಈಗಲೂ ಫಲ ಕೊಡುತ್ತಿದೆಯೆಂದೇ ಅರ್ಥ.

ನಮ್ಮ ಮನೆ, ತೋಟ, ಉಳಿತಾಯಗಳ ಮೇಲೂ ಕಾಲವೆಂಬ ಮರಳು ಕಣಕಣವಾಗಿ ಬೀಳುತ್ತಿದೆ. ಅದನ್ನು ತಡೆಯಲು ಯಾರಿಂದಲೂ ಆಗದು. ಮುಚ್ಚುವ ಮೊದಲು ಎಷ್ಟನ್ನು ಕೊಟ್ಟೆವು ಎಂಬುದಷ್ಟೇ ನಮ್ಮ ಕೈಯಲ್ಲಿದೆ.