ಧ್ವನಿಪೆಟ್ಟಿಗೆಯ ಕ್ಯಾನ್ಸರ್: ಶಸ್ತ್ರಚಿಕಿತ್ಸೆ ಮತ್ತು ಅನಂತರದ ಮಾತು

ಗಂಟಲು ಕಟ್ಟಿದರೆ ಮೆಣಸಿನ ಕಷಾಯ ಕುಡಿದು ಸುಮ್ಮನಾಗುವುದು ನಮ್ಮ ಮನೆಗಳಲ್ಲಿ ವಾಡಿಕೆ. ನೆಗಡಿಯಿಂದ ಒಡೆದ ದನಿ ಹತ್ತು ಹದಿನೈದು ದಿನಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಮೂರು ವಾರ ಕಳೆದರೂ ತಿಳಿಯಾಗದ ದನಿಗೆ, ಅದರಲ್ಲೂ ಬೀಡಿ ಸಿಗರೇಟು ಸೇದುವವರ ದನಿಗೆ, ಕಷಾಯ ಮದ್ದಲ್ಲ. ಅಂಥವರು ಕಿವಿ, ಮೂಗು, ಗಂಟಲಿನ ತಜ್ಞರನ್ನು ಕಾಣಲೇಬೇಕು. ಸಣ್ಣ ಕನ್ನಡಿಯಿಂದ ಅಥವಾ ಮೂಗಿನ ಮೂಲಕ ಇಳಿಸುವ ತೆಳುವಾದ ಎಂಡೋಸ್ಕೋಪಿನಿಂದ ಕೆಲವೇ ನಿಮಿಷಗಳಲ್ಲಿ ಧ್ವನಿಪೆಟ್ಟಿಗೆಯನ್ನು ನೋಡಬಹುದು. ಸಂಶಯ ಬಂದರೆ ಒಂದು ಚೂರು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ.

ಧ್ವನಿಪೆಟ್ಟಿಗೆ ಇರುವುದು ಮಾತಿಗಾಗಿ ಎಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ಅದರ ಮೊದಲ ಕೆಲಸ ಕಾವಲು. ನುಂಗುವಾಗ ಮುಚ್ಚಿಕೊಂಡು, ಅನ್ನ ನೀರು ಶ್ವಾಸನಾಳಕ್ಕೆ ಇಳಿಯದಂತೆ ಅದು ತಡೆಯುತ್ತದೆ. ಭಾರ ಎತ್ತುವಾಗ, ಮಲವಿಸರ್ಜನೆಗೆ ಮುಕ್ಕುವಾಗ ಉಸಿರನ್ನು ಎದೆಯಲ್ಲಿ ಹಿಡಿದಿಡುವುದೂ ಅದೇ. ಮಾತು ಇವುಗಳ ಜೊತೆಗೆ ದೊರೆತ ಲಾಭ.

ಗಂಟು ಧ್ವನಿತಂತುವಿನ ಮೇಲೆಯೇ ಹುಟ್ಟಿದರೆ ಅದು ಒಂದು ಬಗೆಯ ಅದೃಷ್ಟವೆನ್ನಬೇಕು. ದನಿ ಬೇಗ ಕೆಡುವುದರಿಂದ ರೋಗ ಬೇಗ ಗೊತ್ತಾಗುತ್ತದೆ. ಅಲ್ಲಿ ದುಗ್ಧನಾಳಗಳು ಕಡಿಮೆಯಿರುವುದರಿಂದ ಅದು ಕೊರಳಿನ ಗ್ರಂಥಿಗಳಿಗೆ ಹರಡುವುದೂ ತಡ. ಮೊದಲ ಹಂತದಲ್ಲಿ ವಿಕಿರಣ ಚಿಕಿತ್ಸೆ ಅಥವಾ ಬಾಯಿಯ ಮೂಲಕ ಮಾಡುವ ಲೇಸರ್ ಶಸ್ತ್ರಚಿಕಿತ್ಸೆ, ಇವೆರಡರಲ್ಲಿ ಒಂದೇ ಸಾಕಾಗಿ ಬಹುಪಾಲು ಜನ ಗುಣವಾಗುತ್ತಾರೆ, ದನಿಯೂ ಉಳಿಯುತ್ತದೆ. ತಂತುವಿನ ಮೇಲ್ಭಾಗದಲ್ಲಿ ಹುಟ್ಟಿದ ಗಂಟು ಹೀಗೆ ಮುನ್ಸೂಚನೆ ಕೊಡುವುದಿಲ್ಲ. ನುಂಗಲು ಕಷ್ಟ, ಕಿವಿಯ ಕಡೆಗೆ ಎಳೆಯುವ ನೋವು, ಕೊರಳಿನಲ್ಲಿ ಗಡ್ಡೆ ಕಾಣಿಸಿಕೊಳ್ಳುವ ಹೊತ್ತಿಗೆ ರೋಗ ಬಲಿತಿರುತ್ತದೆ.

ಬಲಿತ ರೋಗಕ್ಕೆ ಇಡೀ ಧ್ವನಿಪೆಟ್ಟಿಗೆಯನ್ನೇ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ವಿಯೆನ್ನಾದಲ್ಲಿ ಥಿಯೋಡರ್ ಬಿಲ್‌ರೋತ್ 1873ರಲ್ಲಿ ಮಾಡಿದರು. ರೋಗಿ ಬದುಕಿಕೊಂಡರೂ ಕೆಲವೇ ತಿಂಗಳಲ್ಲಿ ಕ್ಯಾನ್ಸರ್ ಮರುಕಳಿಸಿತು. ಆ ಕಾಲದಲ್ಲಿ ಮೇಜಿನ ಮೇಲೆಯೇ ಪ್ರಾಣ ಹೋಗುವ ಭಯ ಬಹಳ. 1887ರಲ್ಲಿ ಜರ್ಮನಿಯ ಯುವರಾಜ ಫ್ರೆಡ್ರಿಕ್‌ಗೆ ದನಿ ಒಡೆದಾಗ ಜರ್ಮನ್ ವೈದ್ಯರು ಶಸ್ತ್ರಚಿಕಿತ್ಸೆ ಎಂದರು. ಇಂಗ್ಲೆಂಡಿನಿಂದ ಬಂದ ಮೊರೆಲ್ ಮೆಕೆಂಜಿ ಬೇಡವೆಂದರು. ಮರುವರ್ಷ ಉಸಿರಾಟಕ್ಕಾಗಿ ಕೊರಳಿಗೆ ರಂಧ್ರ ಮಾಡಬೇಕಾಯಿತು. ಸಿಂಹಾಸನವೇರಿದ ಫ್ರೆಡ್ರಿಕ್ ಚೀಟಿಯಲ್ಲಿ ಬರೆದು ಆಜ್ಞೆ ಕೊಡುತ್ತ 99 ದಿನ ಆಳಿ ತೀರಿಕೊಂಡರು. ವೈದ್ಯರ ಆ ಜಗಳ ಇಂದಿಗೂ ಚರ್ಚೆಯಲ್ಲಿದೆ. ಆದರೆ ಅಂದಿನ ಶಸ್ತ್ರಚಿಕಿತ್ಸೆಯ ಅಪಾಯವನ್ನು ನೋಡಿದರೆ ಮೆಕೆಂಜಿಯವರೊಬ್ಬರನ್ನೇ ದೂರುವುದು ನ್ಯಾಯವೆನಿಸುವುದಿಲ್ಲ.

ಇಂದು ಪ್ರಶ್ನೆ ಬೇರೆ: ಪೆಟ್ಟಿಗೆಯನ್ನು ಉಳಿಸಬಹುದೇ? 1991ರಲ್ಲಿ ಪ್ರಕಟವಾದ ಅಮೆರಿಕದ ನಿವೃತ್ತ ಯೋಧರ ಆಸ್ಪತ್ರೆಗಳ ಅಧ್ಯಯನದಲ್ಲಿ 332 ರೋಗಿಗಳಿದ್ದರು. ಮೊದಲು ಔಷಧಿ, ಅನಂತರ ವಿಕಿರಣ ಪಡೆದ ಗುಂಪಿನಲ್ಲಿ ಶೇಕಡ 64 ಮಂದಿಯ ಧ್ವನಿಪೆಟ್ಟಿಗೆ ಉಳಿಯಿತು. ಎರಡು ವರ್ಷಗಳ ನಂತರ ಬದುಕುಳಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಒಂದೇ, ಶೇಕಡ 68. ಅಂದಿನಿಂದ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಹಾಗೆಂದು ಎಲ್ಲರಿಗೂ ಇದೇ ಸರಿಯೆನ್ನಲಾಗದು. ಗಂಟು ಮೃದ್ವಸ್ಥಿಯನ್ನು ಕೊರೆದು ಹೊರಬಂದಿದ್ದರೆ ಶಸ್ತ್ರಚಿಕಿತ್ಸೆಯೇ ಮೇಲು. ಉಳಿಸಿದ ಪೆಟ್ಟಿಗೆ ಕಾವಲಿನ ಕೆಲಸ ಮಾಡದೆ, ಪ್ರತಿ ತುತ್ತಿಗೂ ಕೆಮ್ಮು ಬಂದು, ನಳಿಕೆಯಿಂದಲೇ ಊಟ ಮಾಡಬೇಕಾದರೆ ಉಳಿಸಿದ್ದರಿಂದ ಏನು ಬಂತು? ದನಿ ಹೋಗುತ್ತದೆಂದು ಶಸ್ತ್ರಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮುಂದೂಡುವ ರೋಗಿಗಳ ಮನೆಯವರು ಈ ಮಾತನ್ನು ವೈದ್ಯರೊಡನೆ ಬಿಡಿಸಿ ಕೇಳಬೇಕು.

ಪೆಟ್ಟಿಗೆ ತೆಗೆದ ಮೇಲೆ ಶ್ವಾಸನಾಳದ ತುದಿಯನ್ನು ಕೊರಳಿನ ಬುಡದಲ್ಲಿ ಚರ್ಮಕ್ಕೆ ಹೊಲಿಯುತ್ತಾರೆ. ಇದು ಶಾಶ್ವತ ರಂಧ್ರ. ಬಾಯಿ, ಮೂಗಿಗೂ ಶ್ವಾಸಕೋಶಕ್ಕೂ ಇದ್ದ ದಾರಿ ಮುಗಿಯುತ್ತದೆ. ಅನ್ನದ ದಾರಿ ಬೇರೆ, ಉಸಿರಿನ ದಾರಿ ಬೇರೆ. ಇದರ ಪರಿಣಾಮ ದನಿಗಷ್ಟೇ ಸೀಮಿತವಲ್ಲ. ಬಿಸಿ ಕಾಫಿಯನ್ನು ಊದಿ ಆರಿಸಲಾಗದು, ಸಾರನ್ನು ಸೊರ್ರೆಂದು ಹೀರಲಾಗದು, ಮೂಗು ಸೀಟಲಾಗದು. ಮೂಗಿನಲ್ಲಿ ಗಾಳಿಯಾಡದ ಕಾರಣ ಒಗ್ಗರಣೆಯ ಘಮವೂ ತಿಳಿಯದು, ಗ್ಯಾಸ್ ಸೋರಿದ ವಾಸನೆಯೂ ತಿಳಿಯದು. ಬಾಯಿ ಮುಚ್ಚಿಕೊಂಡು ದವಡೆ ಇಳಿಸಿ ಆಕಳಿಸಿದಂತೆ ಮಾಡುವ ಅಭ್ಯಾಸದಿಂದ ವಾಸನೆ ಗ್ರಹಿಸುವುದನ್ನು ಅನೇಕರು ಮರಳಿ ಕಲಿಯುತ್ತಾರೆ. ಮೂಗು ಮಾಡುತ್ತಿದ್ದ ಸೋಸುವ, ತೇವಗೊಳಿಸುವ ಕೆಲಸವೂ ನಿಂತು ಕಫ ಗಟ್ಟಿಯಾಗುತ್ತದೆ. ಅದಕ್ಕೆ ರಂಧ್ರದ ಮೇಲೆ ಒದ್ದೆ ಮಾಡಿದ ತೆಳುಬಟ್ಟೆಯೋ ವಿಶೇಷ ಫಿಲ್ಟರೋ ಬೇಕು. ಸ್ನಾನ ಮಾಡುವಾಗ ನೀರು ಒಳಹೋಗದಂತೆ ಎಚ್ಚರ ಬೇಕು. ಕೆರೆ, ಹೊಳೆಯ ಈಜಂತೂ ಬೇಡವೇ ಬೇಡ. ಕೊರಳಿನ ಗ್ರಂಥಿಗಳನ್ನೂ ತೆಗೆದಿದ್ದರೆ ಭುಜ ಜೋತು ತೋಳೆತ್ತಲು ಕಷ್ಟವಾಗಬಹುದು. ಕೂಲಿ, ಬೇಸಾಯ ಮಾಡುವವರಿಗೆ ಇದು ದನಿಯಷ್ಟೇ ದೊಡ್ಡ ನಷ್ಟ. ಥೈರಾಯ್ಡ್ ಕುಂದಿ ಆಯಾಸ ಬರುವುದೂ ಉಂಟು. ರಕ್ತಪರೀಕ್ಷೆಯಿಂದ ತಿಳಿದು ಮಾತ್ರೆಯಿಂದ ಸರಿಪಡಿಸಬಹುದು.

ಮಾತು ಮರಳಿಸಲು ಮೂರು ದಾರಿಗಳಿವೆ. ಗಾಳಿಯನ್ನು ಅನ್ನನಾಳಕ್ಕೆ ಎಳೆದು ತೇಗಿನಂತೆ ಹೊರಬಿಟ್ಟು ಮಾತನಾಡುವುದು ಹಳೆಯದು. ಇದಕ್ಕೆ ಖರ್ಚಿಲ್ಲ, ಆದರೆ ತಿಂಗಳುಗಳ ಅಭ್ಯಾಸ ಬೇಕು, ಎಲ್ಲರಿಗೂ ಒಲಿಯುವುದಿಲ್ಲ. ಎರಡನೆಯದು ಕೊರಳಿಗೆ ಒತ್ತಿ ಹಿಡಿಯುವ ಬ್ಯಾಟರಿಯ ಸಾಧನ; ದನಿ ಯಂತ್ರದಂತೆ ಕೇಳಿಸುತ್ತದೆ. ಮೂರನೆಯದು ಶ್ವಾಸನಾಳ, ಅನ್ನನಾಳಗಳ ನಡುವೆ ಕೂಡಿಸುವ ಪುಟ್ಟ ಕವಾಟ. ಅಮೆರಿಕದ ಸಿಂಗರ್ ಮತ್ತು ಬ್ಲಾಮ್ ಇದನ್ನು 1980ರಲ್ಲಿ ಜಗತ್ತಿಗೆ ಪರಿಚಯಿಸಿದರು. ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ದನಿ ಹೊರಡುತ್ತದೆ. ಕವಾಟ ಕೆಲವು ತಿಂಗಳಿಗೊಮ್ಮೆ ಸೋರತೊಡಗಿ ಬದಲಾಯಿಸಬೇಕಾಗುತ್ತದೆ. ಆಮದು ಕವಾಟಕ್ಕೆ ಸಾವಿರಾರು ರೂಪಾಯಿ ಎಂದಾಗ ಎಷ್ಟೋ ಮಂದಿ ಮೂಕರಾಗಿಯೇ ಉಳಿದರು. ಇದನ್ನು ಕಂಡೇ ಬೆಂಗಳೂರಿನ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ಮತ್ತು ಉದ್ಯಮಿ ಶಶಾಂಕ್ ಮಹೇಶ್ ಕಳೆದ ದಶಕದಲ್ಲಿ 50 ರೂಪಾಯಿಗೆ ಒದಗಿಸಬಹುದಾದ ‘ಓಂ’ ಕವಾಟವನ್ನು ರೂಪಿಸಿದರು.

ಹೊಸ ದನಿಯಲ್ಲಿ ‘ಹ’ಕಾರ ಹೊರಡುವುದು ಕಷ್ಟ, ಹಾಲು ‘ಆಲು’ ಆಗುತ್ತದೆ. (ಹಳೇ ಮೈಸೂರಿನ ಹಳ್ಳಿಗಳಲ್ಲಿ ಇದನ್ನು ಯಾರೂ ಗಮನಿಸಲಿಕ್ಕಿಲ್ಲ!) ಪಟ್ಟೆ–ಬಟ್ಟೆ, ಕಡಿ–ಗಡಿ ಒಂದೇ ಆಗಿ ಕೇಳಿಸಬಹುದು. ಮನೆಯವರು ಟಿ.ವಿ. ದನಿ ತಗ್ಗಿಸಿ, ಮುಖ ನೋಡಿ ಕೇಳಿಸಿಕೊಂಡರೆ ಅರ್ಧ ತೊಂದರೆ ಕಳೆಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತರಬೇತಾದ ವಾಕ್ ಚಿಕಿತ್ಸಕರನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕಾಣುವುದು ಒಳ್ಳೆಯದು. ಸಾಧ್ಯವಾದರೆ ಈಗಾಗಲೇ ಶಸ್ತ್ರಚಿಕಿತ್ಸೆ ಆದವರೊಬ್ಬರನ್ನೂ ಕಂಡು ಅವರ ಮಾತು ಕೇಳಬೇಕು. ಓದು ಬರಹ ಬಾರದವರಿಗೆ ಮೊದಲ ವಾರಗಳು ಬಹಳ ಕಠಿಣ. ನೀರು, ನೋವು, ಶೌಚ, ಉಸಿರು ಎಂಬುದಕ್ಕೆ ಚಿತ್ರಗಳ ಹಲಗೆಯೊಂದನ್ನು ಮೊದಲೇ ಮಾಡಿಟ್ಟುಕೊಳ್ಳಬಹುದು.

ಇಂಥವರು ಎಲ್ಲಾದರೂ ಪ್ರಜ್ಞೆ ತಪ್ಪಿ ಬಿದ್ದರೆ ಬಾಯಿ, ಮೂಗಿಗೆ ಆಮ್ಲಜನಕ ಹಿಡಿದು ಪ್ರಯೋಜನವಿಲ್ಲ. ಕೊರಳಿನ ರಂಧ್ರಕ್ಕೇ ಕೊಡಬೇಕು. ‘ನಾನು ಕೊರಳಿನಿಂದ ಉಸಿರಾಡುತ್ತೇನೆ’ ಎಂದು ಬರೆದ ಚೀಟಿ ಸದಾ ಜೇಬಿನಲ್ಲಿರಲಿ.