ಹ್ಯಾಂಬರ್ಗಿನ ಹಳೆಯ ಕೊಳವೆಗಳು

ತಾಳೆಗರಿಯ ಕಾವ್ಯವನ್ನು ಸಂಪಾದಿಸುವವನಿಗೆ ಎರಡು ಆಸೆಗಳುಂಟು: ಇರುವುದನ್ನು ಇದ್ದಂತೆಯೇ ಉಳಿಸಬೇಕು, ಕವಿ ಬರೆದುದನ್ನು ಮರಳಿ ಪಡೆಯಬೇಕು. ಎರಡೂ ಒಟ್ಟಿಗೆ ಕೈಗೂಡುವುದು ಅಪರೂಪ. ಗ್ರಂಥಸಂಪಾದನೆಯನ್ನು ಪಾಠ ಹೇಳಿ ನಿವೃತ್ತನಾದ ನನಗೆ ಇದೇ ತೊಡಕು ಜರ್ಮನಿಯ ಹ್ಯಾಂಬರ್ಗಿನಲ್ಲಿರುವ ಸಂತ ಯಾಕೋಬಿ ಚರ್ಚಿನ ಆರ್ಗನ್ನಿನ ಚರಿತ್ರೆಯಲ್ಲಿಯೂ ಎದುರಾಯಿತು.

ಆರ್ಗನ್ ಎಂದರೆ ನಮ್ಮ ನಾಟಕ ಕಂಪನಿಗಳಲ್ಲಿ ಕಾಲಿನಿಂದ ತುಳಿದು ನುಡಿಸುತ್ತಿದ್ದ ಹಾರ್ಮೋನಿಯಂ ಅಲ್ಲ. ಇಲ್ಲಿ ತಿದಿಯ ಗಾಳಿ ಮರದ ಪೆಟ್ಟಿಗೆಯೊಂದರಲ್ಲಿ ತುಂಬಿ ನಿಂತಿರುತ್ತದೆ. ಮನೆಯನ್ನು ಒತ್ತಿದೊಡನೆ ಕವಾಟ ತೆರೆದು, ಮೇಲೆ ನಿಂತ ಕೊಳವೆಗೆ ಉಸಿರು ಬರುತ್ತದೆ. ಬಹುಪಾಲು ಕೊಳವೆಗಳು ತವರ, ಸೀಸ ಬೆರೆಸಿ ಮಾಡಿದ ಕೊಳಲುಗಳೇ. ಉದ್ದ ಹೆಚ್ಚಿದಷ್ಟೂ ಸ್ವರ ಮಂದ್ರ. ಬಾಯಿಯ ಎತ್ತರ, ಬುಡದ ರಂಧ್ರದ ಅಳತೆ, ಇವು ಅದರ ಕಂಠವನ್ನು ನಿರ್ಧರಿಸುತ್ತವೆ. ಈ ಅಳತೆಗಳನ್ನು ಒಮ್ಮೆ ಕೆಡಿಸಿದರೆ ಕಂಠ ಮರಳುವುದು ಕಷ್ಟ.

ಈ ವಾದ್ಯವನ್ನು ಆರ್ಪ್ ಷ್ನಿಟ್ಗರ್ 1689ರಿಂದ 1693ರವರೆಗೆ ಕಟ್ಟಿದ. ಸುಮಾರು 4000 ಕೊಳವೆಗಳು. ಆದರೆ ಅವೆಲ್ಲವೂ ಅವನವಲ್ಲ; ತನಗಿಂತ ಹಿಂದಿನವರ ಕೊಳವೆಗಳನ್ನೂ ಅವನು ಬಳಸಿಕೊಂಡ. 1720ರಲ್ಲಿ ಇಲ್ಲಿನ ವಾದಕನ ಹುದ್ದೆಗೆ ಬಾಖ್ ಆಕಾಂಕ್ಷಿಯಾಗಿದ್ದ. ಹುದ್ದೆ ದೊರೆತದ್ದು ಚರ್ಚಿಗೆ 4000 ಮಾರ್ಕ್ ಕೊಟ್ಟ ಬೇರೊಬ್ಬನಿಗೆ! ನೇಮಕಾತಿಯ ಈ ಕ್ರಮ ನಮಗೂ ಅಪರಿಚಿತವೇನಲ್ಲ.

1917ರಲ್ಲಿ ಮುಂಭಾಗದ ತವರದ ಕೊಳವೆಗಳು ಯುದ್ಧದ ಪಾಲಾದವು. ಅನಂತರ ಈ ವಾದ್ಯದ ಬೆಲೆಯನ್ನು ಗುರುತಿಸಿ, ಅದರ ಉಳಿವಿಗಾಗಿ ದನಿಯೆತ್ತಿದವನು ಹಾನ್ಸ್ ಹೆನ್ನಿ ಯಾನ್ ಎಂಬ ಕಾದಂಬರಿಕಾರ, ನಾಟಕಕಾರ ಎಂಬುದು ನಮ್ಮಂಥ ಸಾಹಿತ್ಯದವರಿಗೆ ಸಂತೋಷದ ಸಂಗತಿ. ಎರಡನೆಯ ಮಹಾಯುದ್ಧದಲ್ಲಿ ಕೊಳವೆಗಳನ್ನೂ ಗಾಳಿಪೆಟ್ಟಿಗೆಗಳನ್ನೂ ಬಿಚ್ಚಿ ಸುರಕ್ಷಿತ ಸ್ಥಳಕ್ಕೆ ಸಾಗಿಸಿದ್ದರು. 1944ರಲ್ಲಿ ಬಾಂಬಿಗೆ ಚರ್ಚು ಉರಿಯಿತು, ಆರ್ಗನ್ನಿನ ಹೊರಕವಚ ಬೂದಿಯಾಯಿತು. ಕಂಠ ಮಾತ್ರ ಉಳಿಯಿತು.

ಯುದ್ಧಾನಂತರ ಮತ್ತೆ ಜೋಡಿಸಿದರೂ ಅದು ಹಳೆಯ ದನಿಯಾಗಿರಲಿಲ್ಲ. ಕೊನೆಗೆ ಯುರ್ಗನ್ ಆರೆಂಡ್ ಎಂಬ ಕುಶಲಿ ಕೈಗೊಂಡ ಕೆಲಸ 1993ರಲ್ಲಿ ಮುಗಿಯಿತು. ಶ್ರುತಿ ಬದಲಿಸುವಾಗ ತುದಿ ಕಳೆದುಕೊಂಡಿದ್ದ ಕೊಳವೆಗಳಿಗೆ ಲೋಹದ ತುಂಡು ಬೆಸೆದು ಮೊದಲಿನ ಉದ್ದ ಕೊಡಬೇಕಾಯಿತು. ಇಂದಿನ ಸಮಪಾಲಿನ ಶ್ರುತಿಯನ್ನು ಬಿಟ್ಟು, ಕೆಲವು ಸ್ವರಮೇಳಗಳು ಇನಿದಾಗಿಯೂ ಕೆಲವು ಒರಟಾಗಿಯೂ ಕೇಳುವ ಹಳೆಯ ಬಗೆಯ ಶ್ರುತಿಗೆ ಮರಳಿದರು.

ಮೂಲವೆಂದರೆ ಯಾವುದು? ಷ್ನಿಟ್ಗರನಿಗಿಂತ ಹಳೆಯ ಕೊಳವೆಗಳನ್ನು ಅವುಗಳ ಮೊದಲ ಸ್ಥಿತಿಗೇ ಒಯ್ಯಬಹುದಿತ್ತಲ್ಲ? ಒಯ್ಯಲಿಲ್ಲ; 1693ನ್ನೇ ಗುರಿಯಾಗಿಟ್ಟುಕೊಂಡರು. ಅದು ಸರಿಯೆಂದೇ ನನ್ನ ಮತ. ಹಿಂದಿನವರ ಪದ್ಯಗಳನ್ನು ಒಳಗೊಂಡ ಕಾವ್ಯವನ್ನು ಸಂಪಾದಿಸುವಾಗ ಆ ಪದ್ಯಗಳನ್ನು ಕಿತ್ತು ಅವರವರಿಗೆ ಹಿಂದಿರುಗಿಸುವುದಿಲ್ಲವಷ್ಟೆ.

ಎದುರಿಗೆ ಥಳಥಳಿಸುವ ಕೊಳವೆಗಳು 1917ರಲ್ಲಿ ಹೋದವುಗಳ ಬದಲಿಗೆ ಬಂದ ಹೊಸವು. ಬಾಖ್‌ನ ಕಾಲದ ಕೊಳವೆಗಳು ಅವುಗಳ ಹಿಂದೆ, ಕಣ್ಣಿಗೆ ಬೀಳದೆ ನಿಂತಿವೆ.