ಡಿಕ್ಕಿಯೊಳಗಿನ ಲೆಕ್ಕ: ಕಾಚಿಗುಡದಿಂದ ಕವಚದವರೆಗೆ

ಬೆಂಗಳೂರು, ಮೈಸೂರುಗಳ ರೈಲು ಹಿಡಿಯಲು ಕಾಚಿಗುಡ ನಿಲ್ದಾಣಕ್ಕೆ ಹೋಗುವುದು ಹೈದರಾಬಾದಿನ ಕನ್ನಡಿಗರಾದ ನಮಗೆ ರೂಢಿಯೇ ಆಗಿದೆ. ಅದೇ ನಿಲ್ದಾಣದಲ್ಲಿ 2019ರ ನವೆಂಬರ್ 11ರಂದು ಬೆಳಿಗ್ಗೆ ಎಂಎಂಟಿಎಸ್ ರೈಲೊಂದು ಹಂದ್ರಿ ಎಕ್ಸ್‌ಪ್ರೆಸ್ಸಿಗೆ ಎದುರಿನಿಂದ ಡಿಕ್ಕಿ ಹೊಡೆಯಿತು. ವೇಗ ಹೆಚ್ಚೇನೂ ಇರಲಿಲ್ಲ. ಆದರೂ ಬೋಗಿಗಳು ಹಳಿ ತಪ್ಪಿದವು. ಎಂಎಂಟಿಎಸ್ ಚಾಲಕರು ಜಜ್ಜಿಹೋದ ಕೋಣೆಯಲ್ಲಿ ಸುಮಾರು ಎಂಟು ಗಂಟೆ ಸಿಲುಕಿದ್ದರು. ಕೆಲವು ದಿನಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ನಿಧಾನವಾಗಿ ಬಂದ ರೈಲಿಗೆ ಇಷ್ಟು ಕಸುವು ಎಲ್ಲಿಂದ?

ಉತ್ತರ ನಮ್ಮ ಮಕ್ಕಳ ಒಂಬತ್ತನೆಯ ತರಗತಿಯ ಪಾಠದಲ್ಲೇ ಇದೆ. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಬರುವುದು ಸಂವೇಗ. 400 ಟನ್ನಿನ ರೈಲು ಗಂಟೆಗೆ 18 ಕಿಲೋಮೀಟರಿನಂತೆ, ಎಂದರೆ ಸೈಕಲ್ಲಿನ ವೇಗದಲ್ಲಿ, ಸಾಗುತ್ತಿದೆ ಎನ್ನೋಣ. ಅಷ್ಟೇ ಸಂವೇಗ ಪಡೆಯಲು 10 ಟನ್ನಿನ ಬಸ್ಸು ಗಂಟೆಗೆ 720 ಕಿಲೋಮೀಟರ್ ಓಡಬೇಕಾಗುತ್ತದೆ!

ಡಿಕ್ಕಿಯಾದಾಗ ಒಟ್ಟು ಸಂವೇಗ ಬದಲಾಗದು, ಹಂಚಿಕೆ ಮಾತ್ರ ಬದಲಾಗುತ್ತದೆ. ಇದನ್ನು ಮನೆಯ ಕೇರಂ ಹಲಗೆಯಲ್ಲೇ ನೋಡಬಹುದು. (ಮಕ್ಕಳಿಗೆ ಸೂತ್ರಕ್ಕಿಂತ ಮೊದಲು ಕೇರಂ ಕೊಡಬೇಕೆಂಬುದು ನಮ್ಮ ಅಭಿಪ್ರಾಯ.) 15 ಗ್ರಾಮಿನ ಸ್ಟ್ರೈಕರ್ 5 ಗ್ರಾಮಿನ ಕಾಯಿಗೆ ನೇರವಾಗಿ ಬಡಿದರೆ, ಲೆಕ್ಕದ ಪ್ರಕಾರ ಸ್ಟ್ರೈಕರಿನ ವೇಗ ಅರ್ಧಕ್ಕಿಳಿಯುತ್ತದೆ, ಕಾಯಿ ಅದರ ಮೊದಲಿನ ವೇಗದ ಒಂದೂವರೆ ಪಟ್ಟು ವೇಗದಲ್ಲಿ ಚಿಮ್ಮುತ್ತದೆ. ಇಲ್ಲಿ ಚಲನಶಕ್ತಿಯೂ ಬಹುಮಟ್ಟಿಗೆ ಉಳಿಯುತ್ತದೆ.

ರೈಲುಗಳು ಹಾಗೆ ಚಿಮ್ಮುವುದಿಲ್ಲ. ಸಂವೇಗಕ್ಕೆ ದಿಕ್ಕುಂಟು, ಸಮಾನ ತೂಕದ ಎರಡು ರೈಲುಗಳು ಒಂದೇ ವೇಗದಲ್ಲಿ ಎದುರುಬದುರಾದರೆ ಸಂವೇಗಗಳು ಕಳೆದು ಮೊತ್ತ ಸೊನ್ನೆಯಾಗುತ್ತದೆ. ಆದರೆ ಚಲನಶಕ್ತಿಗೆ ದಿಕ್ಕಿಲ್ಲ, ಅದು ಕಳೆದುಹೋಗದು. ಕಬ್ಬಿಣವನ್ನು ಮಡಿಸುವುದರಲ್ಲಿ, ಶಾಖದಲ್ಲಿ, ಸದ್ದಿನಲ್ಲಿ ವ್ಯಯವಾಗುತ್ತದೆ. ಆ ಮಡಿಕೆಯ ಮೊದಲ ಜಾಗವೇ ಚಾಲಕರ ಕೋಣೆ.

ಇನ್ನೊಂದು ಮಾತು ಕಾಲದ್ದು. ಮೇಲಿನ ನಮ್ಮ ರೈಲು ಬ್ರೇಕ್ ಹಾಕಿ 100 ಮೀಟರಿನಲ್ಲಿ ಒಂದೇ ಸಮನೆ ನಿಧಾನಿಸಿ ನಿಂತರೆ 40 ಸೆಕೆಂಡು ಬೇಕು. ಡಿಕ್ಕಿಯಲ್ಲಿ ಒಂದೇ ಮೀಟರಿನಲ್ಲಿ ನಿಂತರೆ 0.4 ಸೆಕೆಂಡು. ಕಳೆಯಬೇಕಾದ ಸಂವೇಗ ಅಷ್ಟೇ, ಕಾಲ ನೂರರಲ್ಲೊಂದು. ಆದ್ದರಿಂದ ಬಲ ನೂರು ಪಟ್ಟು. ಕಾರಿನ ಗಾಳಿಚೀಲ ಮಾಡುವುದೂ ಈ ಕಾಲವನ್ನು ತುಸು ಹಿಗ್ಗಿಸುವ ಕೆಲಸವನ್ನೇ.

ರೈಲಿಗೆ ಆ ಕಾಲವನ್ನು ಮುಂಚೆಯೇ ಒದಗಿಸಿಕೊಡುವ ಏರ್ಪಾಡೇ ‘ಕವಚ’. ಚಾಲಕರು ಕೆಂಪು ದೀಪ ದಾಟುವ ಅಪಾಯ ಕಂಡರೆ ಅದು ತಾನೇ ಬ್ರೇಕ್ ಹಾಕುತ್ತದೆ. ಇದರ ಆರಂಭದ ಪ್ರಯೋಗಗಳು ನಡೆದದ್ದು ನಾವು ಕಲಬುರಗಿ, ಬೀದರಗಳಿಗೆ ಹೋಗುವ ಲಿಂಗಂಪಲ್ಲಿ–ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಹಳಿಗಳ ಮೇಲೆಯೇ. 2022ರ ಮಾರ್ಚ್ 4ರಂದು ಗುಲ್ಲಗುಡ–ಚಿಟ್ಗಿದ್ದ ನಡುವೆ ಎರಡು ಎಂಜಿನ್ನುಗಳನ್ನು ಒಂದೇ ಹಳಿಯಲ್ಲಿ ಎದುರುಬದುರು ತಂದು ಪರೀಕ್ಷಿಸಿದರು. ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಕುಳಿತಿದ್ದ ಎಂಜಿನ್ನು 380 ಮೀಟರ್ ದೂರದಲ್ಲೇ ತಾನಾಗಿ ನಿಂತಿತು.